ಡಬ್ಬ ಹೊಸದಾಯ್ತು, ಆಮೇಲೆ?

ರಾತ್ರಿ ರಿಲೀಸ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದರೂ ತಲೆ ಓಡ್ತಾನೇ ಇರುತ್ತೆ. ನಿದ್ದೆ ಬರೋವರೆಗೆ ನಾನು ನೋಡೋದು ಒಂದೇ ಜಾತಿಯ ವಿಡಿಯೊ. ಮೇಜಿನ ಮೇಲೆ ನಲವತ್ತು ವರ್ಷ ಹಳೆಯ ಆಟಿಕೆ ಡಬ್ಬ. ಕಪ್ಪು ಗ್ಲೌಸ್ ಹಾಕಿದ ಎರಡು ಕೈ. ಮುಖ ಕಾಣಲ್ಲ, ಮಾತೂ ಇಲ್ಲ. ಡಬ್ಬದ ಮೂಲೆಗೆ ಯಾರೋ ಯಾವಾಗಲೋ ಅಂಟಿಸಿದ ಟೇಪು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಗಾಳಿ, ಒಂದು ತೆಳ್ಳನೆ ಸ್ಪ್ಯಾಚುಲಾ, ಹತ್ತಿ ಸುತ್ತಿದ ಕಡ್ಡಿಯಲ್ಲಿ ಎರಡು ಹನಿ ಲೈಟರ್ ಫ್ಲೂಯಿಡ್. ಟೇಪು ನಿಧಾನಕ್ಕೆ ಏಳುತ್ತೆ. ಕೊನೆಯಲ್ಲಿ ಪರದೆ ಎರಡು ಭಾಗ ಆಗುತ್ತೆ. ಎಡಕ್ಕೆ ಮೊದಲು ಹೇಗಿತ್ತು, ಬಲಕ್ಕೆ ಈಗ ಹೇಗಿದೆ. ಮುಗೀತು. ನನಗೂ ನಿದ್ದೆ.

ನಮ್ಮ ಮನೆಗಳಿಗೆ ಈ ವಿದ್ಯೆ ಹೊಸದೇನಲ್ಲ ಬಿಡಿ. ಹೊಸ ಸ್ಟೀಲ್ ತಟ್ಟೆ ತಂದಾಗ ಅಮ್ಮ ಅದನ್ನ ಒಲೆ ಉರಿಗೆ ಹಿಡಿದು, ಗೋಂದು ಮೆತ್ತಗಾದಾಗ ಸ್ಟಿಕರ್ ಎಳೀತಿದ್ರು. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ. ಬಿಸಿ ಮಾಡು, ಎತ್ತು, ಒರೆಸು. ತತ್ವ ಅದೇ. ವ್ಯತ್ಯಾಸ ಏನಂದ್ರೆ ಸ್ಟೀಲು ಎಣ್ಣೆ ಕುಡಿಯಲ್ಲ, ರಟ್ಟು ಕುಡಿಯುತ್ತೆ. ತಟ್ಟೆಗೆ ಮಾಡಿದ್ದನ್ನ ರಟ್ಟಿನ ಡಬ್ಬಕ್ಕೆ ಮಾಡಿದರೆ ಟೇಪು ಹೋಗಿ ಎಣ್ಣೆ ಕಲೆ ಬರುತ್ತೆ, ಆ ಕಲೆ ಟೇಪಿಗಿಂತ ಕಡೆ.

ಈ ವಿಡಿಯೊಗಳ ಮೇಲೆ ನನಗೆ ಪ್ರೀತಿ ಇದೆ ಅಂತ ಮೊದಲೇ ಹೇಳಿಬಿಡ್ತೀನಿ. ಕೈಗೆಲಸದ ಮಟ್ಟದಲ್ಲಿ ಅವು ಚೆನ್ನಾಗಿವೆ, ಆ ತಾಳ್ಮೆ ನಮ್ಮ ಕೋಡ್ ರಿವ್ಯೂಗಳಲ್ಲಿ ಇದ್ದಿದ್ರೆ ಅರ್ಧ ಬಗ್ ಹುಟ್ತಾನೇ ಇರಲಿಲ್ಲ. ತಕರಾರು ಬೇರೆ. 'ಹೇಗೆ ತೆಗೆಯೋದು' ಅನ್ನೋದನ್ನ ಅವು ಚೆನ್ನಾಗಿ ಹೇಳಿಕೊಡ್ತವೆ. 'ತೆಗೀಬೇಕಾ' ಅಂತ ಒಂದು ಸಲಾನೂ ಕೇಳಲ್ಲ. ಆ ಪ್ರಶ್ನೆ ಕೇಳದೆ ಕೈ ಹಾಕಿ ನಾನೊಂದು ಎಡವಟ್ಟು ಮಾಡಿಕೊಂಡಿದ್ದೀನಿ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು, ಖಾಲಿ ಡಬ್ಬಕ್ಕೆ ಇಷ್ಟು ಬೆಲೆ ಯಾಕೆ ಅನ್ನೋದು ನೋಡೋಣ. 1977ರ ಮೇ ತಿಂಗಳಲ್ಲಿ 'ಸ್ಟಾರ್ ವಾರ್ಸ್' ಬಿಡುಗಡೆಯಾದಾಗ ಅದು ಅಷ್ಟು ಓಡುತ್ತೆ ಅಂತ ಯಾರೂ ಎಣಿಸಿರಲಿಲ್ಲ. ಆಟಿಕೆ ಮಾಡುವ ಹಕ್ಕು ಪಡೆದಿದ್ದ ಸಿನ್ಸಿನಾಟಿಯ ಕೆನ್ನರ್ ಕಂಪನಿಗೆ ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಗೊಂಬೆಗಳನ್ನ ತಯಾರು ಮಾಡಿ ಮುಗಿಸೋಕೆ ಆಗಲಿಲ್ಲ. ಆಗ ಅವರು ಮಾಡಿದ್ದು ನೋಡಿ: ಗೊಂಬೆ ಇಲ್ಲದ ರಟ್ಟಿನ ಪ್ಯಾಕೆಟ್ ಮಾರಿದ್ರು. ಒಳಗಡೆ ಗೊಂಬೆ ನಿಲ್ಲಿಸೋಕೆ ಒಂದು ರಟ್ಟಿನ ಸ್ಟ್ಯಾಂಡು, ಸ್ಟಿಕರ್, ಕ್ಲಬ್ಬಿನ ಕಾರ್ಡು, ಮತ್ತೆ ಒಂದು ಸರ್ಟಿಫಿಕೇಟು. ಅದನ್ನ ಅಂಚೆಯಲ್ಲಿ ಕಳಿಸಿದರೆ 1978ರಲ್ಲಿ ನಾಲ್ಕು ಗೊಂಬೆ ಮನೆಗೆ ಬರ್ತಿದ್ವು. ಲ್ಯೂಕ್, ಲೇಯಾ, ಚ್ಯೂಬಾಕಾ, ಆರ್‌ಟು-ಡಿಟು. ಅಂದ್ರೆ ಈ ಆಟಿಕೆ ಸರಣಿ ಶುರುವಾಗಿದ್ದೇ ಖಾಲಿ ಪ್ಯಾಕೆಟ್ಟಿನಿಂದ. ನಮ್ಮ ಕಡೆ ಫ್ಲ್ಯಾಟ್ ಬುಕಿಂಗ್ ಮಾಡ್ತಾರಲ್ಲ, ಹಾಗೆ.

ಆಮೇಲೆ ಬಂದ ಗೊಂಬೆಗಳು ಬಣ್ಣದ ರಟ್ಟಿನ ಕಾರ್ಡಿನ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಗುಳ್ಳೆಯ ಒಳಗೆ ಕೂತು ಬರ್ತಿದ್ವು. ಸಂಗ್ರಹಕಾರರು ಅದನ್ನ ಬಬಲ್ ಅಂತಾರೆ. ಮಕ್ಕಳಿಗೆ ಬೇಕಾಗಿದ್ದು ಗೊಂಬೆ. ಅವರು ಬಬಲ್ ಕಿತ್ತು, ಕಾರ್ಡ್ ಎಸೆದು ಆಡಿದ್ರು. ಹಾಗಾಗಿ ಇವತ್ತು ಗೊಂಬೆಗಳು ಸಿಗ್ತವೆ, ಕಾರ್ಡಿನ ಮೇಲೇ ಉಳಿದ ಗೊಂಬೆ ಅಪರೂಪ. ಈ ಅಪರೂಪಕ್ಕೆ ಅಂಕ ಕೊಡೋಕೆ ಅಂತಾನೇ ಅಮೆರಿಕದಲ್ಲಿ ಆ್ಯಕ್ಷನ್ ಫಿಗರ್ ಅಥಾರಿಟಿ ಅನ್ನೋ ಸಂಸ್ಥೆ ಇದೆ. ಪೆಟ್ಟಿಗೆ ತೆರೀದೆ ನೋಡಿ 100ಕ್ಕೆ ಇಷ್ಟು ಅಂತ ಕೊಟ್ಟು, ಗಾಜಿನಂಥ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ವಾಪಸ್ ಕಳಿಸ್ತಾರೆ. ಕಾರ್ಡಿಗೆ ಬೇರೆ ಅಂಕ, ಬಬಲ್‌ಗೆ ಬೇರೆ, ಗೊಂಬೆಗೆ ಬೇರೆ. ನಮ್ಮ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಹಾಗೇ. ಬಬಲ್ ಹಳದಿಯಾದರೆ ಅಂಕ ಬಿತ್ತು, ಅಂಕದ ಜೊತೆ ಬೆಲೆನೂ ಬಿತ್ತು. ಟೇಪಿನ ಗುರುತಿಗೂ ಅದೇ ಶಿಕ್ಷೆ. ಹಾಗಾಗಿ ಟೇಪು ಕೀಳೋದು, ಹಳದಿ ತೆಗೆಯೋದು ಬರೀ ಹವ್ಯಾಸ ಅಲ್ಲ, ಅದರ ಹಿಂದೆ ದುಡ್ಡಿದೆ.

ಇಲ್ಲಿ ನಮಗೂ ಒಂದು ಪಾಲಿದೆ. ಎಂಆರ್‌ಎಫ್‌ನವರು ಹ್ಯಾಸ್‌ಬ್ರೋ ಜೊತೆ ಸೇರಿ 1987ರಲ್ಲಿ ಶುರು ಮಾಡಿದ ಫನ್‌ಸ್ಕೂಲ್ ಇಲ್ಲೇ ಜಿ.ಐ. ಜೋ ಗೊಂಬೆಗಳನ್ನ ಮಾಡಿತು. ನಮ್ಮ ಅಚ್ಚಿನಲ್ಲಿ ಬಂದ ಬಣ್ಣಗಳು ಅಮೆರಿಕದವಕ್ಕಿಂತ ಬೇರೆ ಇದ್ವು. ಆ ಕಾರಣಕ್ಕೇ ಇವತ್ತು ಅಲ್ಲಿನ ಸಂಗ್ರಹಕಾರರು ಇಲ್ಲಿನ ಗೊಂಬೆಗಳನ್ನ ಕಾರ್ಡ್ ಸಮೇತ ಹುಡುಕ್ತಾರೆ. ತೊಂಬತ್ತರ ದಶಕದಲ್ಲಿ ನಿಮ್ಮ ಮನೇಲೂ ಒಂದು ಇತ್ತೇನೋ. ಅದರ ಕಾರ್ಡ್ ಎಲ್ಲಿ ಹೋಯ್ತು ಅಂತ ಅಮ್ಮನ್ನ ಕೇಳಬೇಡಿ, ಒಲೆಗೆ ಹೋಗಿರುತ್ತೆ.

ಈಗ ಟೇಪಿನ ವಿಷಯ. ಪಾರದರ್ಶಕ ಸೆಲ್ಲೋಫೇನ್ ಟೇಪು 1930ರಲ್ಲಿ ತ್ರೀಎಂ ಕಂಪನಿಯ ರಿಚರ್ಡ್ ಡ್ರ್ಯೂ ಅನ್ನುವವರಿಂದ ಬಂತು. ಆರ್ಥಿಕ ಕುಸಿತದ ಕಾಲ. ಹರಿದದ್ದನ್ನ ಎಸೆಯೋ ಬದಲು ಅಂಟಿಸಿ ಬಳಸುವ ಜನ ಅದನ್ನ ಕೈಬಿಡಲಿಲ್ಲ. ಆದರೆ ಆ ಹಳೆ ಟೇಪಿನ ಗೋಂದು ರಬ್ಬರು ಮತ್ತೆ ರಾಳದ್ದು. ಮೊದಲು ಅದು ಮೆತ್ತಗಾಗಿ ಎಣ್ಣೆಯ ಹಾಗೆ ಕಾಗದದ ನಾರಿನೊಳಗೆ ಇಳಿಯುತ್ತೆ. ಆಮೇಲೆ ಗಾಳಿಯಲ್ಲಿನ ಆಮ್ಲಜನಕದ ಜೊತೆ ಸೇರಿ ಹಳದಿ, ಕಂದು ಆಗಿ, ಕೊನೆಗೆ ಗಟ್ಟಿಯಾಗುತ್ತೆ. ಅಷ್ಟೊತ್ತಿಗೆ ಮೇಲಿನ ಪ್ಲಾಸ್ಟಿಕ್ ಪಟ್ಟಿ ತಾನಾಗೇ ಉದುರುತ್ತೆ, ಕಲೆ ಮಾತ್ರ ಕಾಗದದ ಭಾಗವೇ ಆಗಿರುತ್ತೆ. ಗೋಂದು ಮೆತ್ತಗಿರುವಾಗ ಲೈಟರ್ ಫ್ಲೂಯಿಡ್ ಕೆಲಸ ಮಾಡುತ್ತೆ, ಬೇಗ ಆರುತ್ತೆ, ರಟ್ಟಿಗೆ ಅಷ್ಟೇನೂ ತೊಂದರೆ ಕೊಡಲ್ಲ. ಗಟ್ಟಿಯಾದ ಮೇಲೆ ಅದರಿಂದ ಆಗಲ್ಲ. ಅಸಿಟೋನಿನಂಥ ಜೋರಾದ ದ್ರಾವಣ ಬೇಕು, ಅದು ಗೋಂದಿನ ಜೊತೆ ಶಾಯಿಯನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತೆ.

ಹಳದಿ ಅನ್ನೋದು ಇನ್ನೂ ಕಷ್ಟ. ಅಗ್ಗದ ರಟ್ಟಿನಲ್ಲಿ ಮರದ ಲಿಗ್ನಿನ್ ಉಳಿದಿರುತ್ತೆ, ಬೆಳಕು ಗಾಳಿ ತಾಗಿದ ಹಾಗೆ ಅದು ಹಳದಿಯಾಗುತ್ತೆ. ಹಳೆ ಪೇಪರ್ ಆಗೋ ಹಾಗೇ. ಬಬಲ್‌ನ ಹಳದಿ ಅಂದ್ರೆ ಪ್ಲಾಸ್ಟಿಕ್ಕಿನ ಒಳಗೇ ಆದ ರಾಸಾಯನಿಕ ಬದಲಾವಣೆ. ಅದು ಮೇಲೆ ಕೂತ ಕೊಳೆಯಲ್ಲ, ಒರೆಸಿದರೆ ಹೋಗೋಕೆ. 2008ರಲ್ಲಿ ಹಳೆ ಕಂಪ್ಯೂಟರ್ ಹುಚ್ಚಿನವರು ಒಂದು ಉಪಾಯ ಕಂಡುಕೊಂಡ್ರು, ಹೆಸರು ರೆಟ್ರೊಬ್ರೈಟ್. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ನೇರಳಾತೀತ ಬೆಳಕಿಗೆ ಇಟ್ಟರೆ ಹಳದಿ ಕೀಬೋರ್ಡು ಮತ್ತೆ ಬೆಳ್ಳಗಾಗುತ್ತೆ. ನಿಜವಾಗಲೂ ಆಗುತ್ತೆ. ಆದರೆ ಎಷ್ಟೋ ಕಡೆ ಹಳದಿ ವಾಪಸ್ ಬಂದಿದೆ, ಕತ್ತಲಲ್ಲಿ ಎತ್ತಿಟ್ಟರೂ ಬಂದಿದೆ. ಇನ್ನು ಬಣ್ಣದ ಮುದ್ರಣ ಇರುವ ರಟ್ಟಿಗೆ ಪೆರಾಕ್ಸೈಡ್ ಹಚ್ಚೋದು ಅಂದ್ರೆ ಡಬ್ಬವನ್ನೇ ಬ್ಲೀಚ್ ಬಕೆಟ್ಟಿಗೆ ಹಾಕಿದ ಹಾಗೆ.

ಈ ವಿಡಿಯೊಗಳ ಮೊದಲ ಸುಳ್ಳು ಇರೋದು ಇಲ್ಲೇ. 'ಆಮೇಲೆ' ಅನ್ನೋ ಫೋಟೊ ತೆಗೆಯೋದು ಅದೇ ದಿನ ಸಂಜೆ. ಎರಡು ವರ್ಷದ ನಂತರದ ಫೋಟೊ ಯಾರೂ ಹಾಕಲ್ಲ. ಡೆಮೊ ದಿನ ಚೆನ್ನಾಗಿ ಓಡಿದ ಸಾಫ್ಟ್‌ವೇರನ್ನ ನಾವು ಯಶಸ್ಸು ಅಂತ ಕರೆಯಲ್ಲ, ಆರು ತಿಂಗಳು ಪ್ರೊಡಕ್ಷನ್‌ನಲ್ಲಿ ಬೀಳದೆ ನಿಂತರೆ ಮಾತ್ರ ಕರೀತೀವಿ. ಈ ಅಳತೆಗೋಲು ಡಬ್ಬಕ್ಕೂ ಅನ್ವಯ ಆಗಬೇಕು.

ಎರಡನೇ ಸುಳ್ಳು ಇನ್ನೂ ನಯವಾದದ್ದು. ಅದನ್ನ ಚೆನ್ನಾಗಿ ತೋರಿಸಿಕೊಟ್ಟಿರೋದು ಒಂದು ಕಾರ್ಟೂನ್ ಸಿನಿಮಾ, 1999ರ 'ಟಾಯ್ ಸ್ಟೋರಿ 2'. ಕೈ ಹರಿದ ಕೌಬಾಯ್ ಗೊಂಬೆ ವುಡಿಯನ್ನ ಆಟಿಕೆ ಅಂಗಡಿಯವನೊಬ್ಬ ಕದ್ದು, ಟೋಕಿಯೊದ ಮ್ಯೂಸಿಯಮ್ಮಿಗೆ ಮಾರೋಕೆ ತಯಾರಿ ಮಾಡ್ತಾನೆ. ರಿಪೇರಿಗೆ ಒಬ್ಬ ಮುದುಕ ಬರ್ತಾನೆ. ಅವನ ಪೆಟ್ಟಿಗೆ ತೆರೆದರೆ ಒಂದರ ಮೇಲೊಂದು ಖಾನೆ. ಕಣ್ಣು ಒರೆಸ್ತಾನೆ, ಕೈ ಹೊಲೀತಾನೆ, ಕೆನ್ನೆಗೆ ಬಣ್ಣ ಹಚ್ತಾನೆ. ನಾನು ರಾತ್ರಿ ನೋಡೋ ವಿಡಿಯೊಗಳಿಗೆಲ್ಲ ಈ ದೃಶ್ಯ ಅಜ್ಜ ಇದ್ದ ಹಾಗೆ. ನೋಡ್ತಾ ಕೂತ ನಮಗೆ ಸುಖವೋ ಸುಖ. ಆ ಸುಖದಲ್ಲೇ ಮುದುಕ ವುಡಿಯ ಬೂಟಿನ ಅಡಿ ತಿರುಗಿಸಿ, ಅಲ್ಲಿ ಮಗು ಬರೆದಿದ್ದ 'ಆ್ಯಂಡಿ' ಅನ್ನೋ ಹೆಸರಿನ ಮೇಲೆ ಕಂದು ಬಣ್ಣ ಬಳಿದುಬಿಡ್ತಾನೆ.

ನಿರ್ದೇಶಕರ ಜಾಣತನ ಏನಂದ್ರೆ, ಆ ಕ್ಷಣದಲ್ಲಿ ನಮಗೂ ಅದು ತಪ್ಪು ಅನ್ನಿಸಲ್ಲ. ಹೆಸರು ಕೂಡ ಕೈ ಹರಿದದ್ದರ ಹಾಗೆ, ಕೆನ್ನೆಯ ಬಣ್ಣ ಮಾಸಿದ್ದರ ಹಾಗೆ, ಇನ್ನೊಂದು ಕಲೆ ಅಷ್ಟೇ. ಗೊಂಬೆ ಮಗುವಿನದು ಅನ್ನೋದಕ್ಕೆ ಇದ್ದ ಏಕೈಕ ಪುರಾವೆ ಅದು ಅಂತ ಹೊಳೆಯೋದು ಆಮೇಲೆ, ವುಡಿ ಆ ಬಣ್ಣವನ್ನ ಕೆರೆದು ಹೆಸರು ಹೊರಗೆ ತೆಗೆಯುವಾಗ. ಅದೇ ಸಿನಿಮಾದಲ್ಲಿ ಯಾವ ಮಗುವೂ ಡಬ್ಬದಿಂದ ಹೊರಗೆ ತೆಗೆಯದ ಇನ್ನೊಂದು ಗೊಂಬೆ ಇದೆ. ಯಾರೂ ಆಡಿಲ್ಲ, ಯಾವ ಕಲೆಯೂ ಇಲ್ಲ. ಖಳನಾಯಕ ಅದೇ. ಸಿನಿಮಾ ನಮಗೆ ಮೊದಲು ಸುಖ ಕೊಟ್ಟು, ಆ ಸುಖಕ್ಕೆ ನಾವು ಏನನ್ನ ಬಿಟ್ಟುಕೊಟ್ವಿ ಅಂತ ಆಮೇಲೆ ಲೆಕ್ಕ ಕೇಳುತ್ತೆ. ವಿಡಿಯೊಗಳು ಸುಖದ ಹತ್ತಿರಾನೇ ನಿಂತುಬಿಡ್ತವೆ.

ಹಾಗಂತ ಹಳೆಯದೆಲ್ಲ ಪವಿತ್ರ, ಮುಟ್ಟಬೇಡಿ ಅಂತ ನಾನು ಹೇಳ್ತಿಲ್ಲ. ಊರಲ್ಲಿ ಬೆಳೆದವನಿಗೆ ಹಳೆಯದರ ಬಗ್ಗೆ ಅಂಥ ಮೋಹ ಇರಲ್ಲ, ಹೆಂಚಿನ ಮನೆ ಸೋರೋದು ಏನು ಅಂತ ನಮಗೆ ಗೊತ್ತು. ಟೇಪು ನಿಜವಾಗಲೂ ಹಾಳುಮಾಡುತ್ತೆ. ಮೃತಸಮುದ್ರದ ಹತ್ತಿರ ಸಿಕ್ಕ ಎರಡು ಸಾವಿರ ವರ್ಷ ಹಳೆಯ ಸುರುಳಿಗಳ ಕತೆ ನೋಡಿ. 1950ರ ದಶಕದಲ್ಲಿ ವಿದ್ವಾಂಸರು ಆ ಚೂರುಗಳನ್ನ ಜೋಡಿಸಿದ್ದು ಇದೇ ಅಂಟು ಟೇಪಿನಿಂದ. ಉದ್ದೇಶ ಒಳ್ಳೆಯದೇ. ಗೋಂದು ಚರ್ಮದೊಳಗೆ ಇಳಿದು ಅಕ್ಷರದ ಸುತ್ತ ಕಪ್ಪಾಯ್ತು. 1991ರಲ್ಲಿ ಇಸ್ರೇಲ್ ಪುರಾತತ್ವ ಪ್ರಾಧಿಕಾರ ಅವುಗಳ ಸಂರಕ್ಷಣೆಗೆ ಪ್ರಯೋಗಾಲಯವನ್ನೇ ತೆರೀಬೇಕಾಯ್ತು. ಅಲ್ಲಿನ ದೊಡ್ಡ ಕೆಲಸಗಳಲ್ಲಿ ಒಂದು, ಆ ಟೇಪನ್ನೂ ಗೋಂದನ್ನೂ ಚೂರುಚೂರೇ ತೆಗೆಯೋದು. ಅಲ್ಲಿ ಟೇಪು ನೆನಪಲ್ಲ, ರೋಗ.

ಹಾಗಾದ್ರೆ ಯಾವುದು ರೋಗ, ಯಾವುದು ನೆನಪು? ಪ್ರಯೋಗಾಲಯದವರ ನಿಯಮ ಸರಳ. ಎಷ್ಟು ಬೇಕೋ ಅಷ್ಟೇ ಮುಟ್ಟು, ಮುಟ್ಟಿದ್ದನ್ನ ಬರೆದಿಡು, ಸಾಧ್ಯವಾದಷ್ಟೂ ವಾಪಸ್ ತೆಗೆಯೋಕೆ ಬರುವಂಥ ಕೆಲಸ ಮಾಡು. ಇಟಲಿಯ ಚೇಸರೆ ಬ್ರಾಂದಿ ಅವರ ಬಳಗ ಹಾಳಾದ ಚಿತ್ರಗಳನ್ನ ತುಂಬಿಸುವಾಗ ಸಣ್ಣ ಸಣ್ಣ ಗೆರೆಗಳಲ್ಲಿ ಬಣ್ಣ ಹಾಕುವ ಪದ್ಧತಿ ತಂದಿತು. ದೂರದಿಂದ ಚಿತ್ರ ಪೂರ್ತಿ ಕಾಣುತ್ತೆ, ಹತ್ತಿರ ಹೋದರೆ ಯಾವುದು ಮೂಲ, ಯಾವುದು ರಿಪೇರಿ ಗೊತ್ತಾಗುತ್ತೆ. ನೋಡುವವನಿಗೆ ಮೋಸ ಇಲ್ಲ.

ಮಾರುಕಟ್ಟೆಯಲ್ಲೂ ಇದು ಅಸಾಧ್ಯ ಏನಲ್ಲ. ಅಮೆರಿಕದ ಕಾಮಿಕ್ಸ್ ಸಂಗ್ರಹದಲ್ಲಿ ಸಿಜಿಸಿ ಅನ್ನೋ ಸಂಸ್ಥೆ ರಿಪೇರಿ ಆದ ಪುಸ್ತಕಕ್ಕೆ ನೇರಳೆ ಬಣ್ಣದ ಲೇಬಲ್ ಹಾಕುತ್ತೆ. ಬೆಲೆ ಇಳಿಯುತ್ತೆ ನಿಜ, ಆದರೆ ಕೊಳ್ಳುವವನಿಗೆ ಏನು ಕೊಳ್ತಿದ್ದೀನಿ ಅಂತ ಗೊತ್ತಿರುತ್ತೆ. ಆಟಿಕೆ ಲೋಕದಲ್ಲಿ ಒಳ್ಳೆಯ ರಿಪೇರಿ ಅಂದ್ರೆ ಸಿಕ್ಕಿಬೀಳದ ರಿಪೇರಿ. ಅಸಲಿ ಹಳೆ ಕಾರ್ಡಿಗೆ ಹೊಸ ಬಬಲ್ ಅಂಟಿಸಿ 'ತೆರೆದೇ ಇಲ್ಲ' ಅಂತ ಮಾರೋರೂ ಇದ್ದಾರೆ. ಟೇಪು ತೆಗೆಯುವ ಹವ್ಯಾಸಿಗೂ ಇವನಿಗೂ ಕೌಶಲದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಇರೋದು ಹೇಳೋದರಲ್ಲಿ, ಹೇಳದೇ ಇರೋದರಲ್ಲಿ. ನಮ್ಮ ಭಾಷೇಲಿ ಹೇಳೋದಾದ್ರೆ, ತಪ್ಪು ಕಮಿಟ್‌ನ ರಿವರ್ಟ್ ಮಾಡಬಹುದು, ಹಿಸ್ಟರಿಯಲ್ಲಿ ಎರಡೂ ಉಳಿಯುತ್ತೆ. ಹಿಸ್ಟರಿಯನ್ನೇ ತಿದ್ದಿ ಫೋರ್ಸ್ ಪುಶ್ ಮಾಡಿದ್ರೆ ಟೀಮಿನವರು ಬೈತಾರೆ. ಬೈಯಲೇಬೇಕು.

ಇಷ್ಟೆಲ್ಲ ಬುದ್ಧಿ ಹೇಳೋ ನಾನು ಮಾಡಿದ್ದು ಫೋರ್ಸ್ ಪುಶ್‌ನೇ.

1997ರಲ್ಲಿ ಅಪ್ಪ ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕೋಕೆ ಹೋದವರು ಒಂದು ವ್ಯಾಪಾರದ ಆಟದ ಡಬ್ಬ ತಂದಿದ್ರು. ಅವತ್ತು ಹರಾಜಿನಲ್ಲಿ ಒಳ್ಳೆ ರೇಟು ಸಿಕ್ಕಿತ್ತಂತೆ. ಅಕ್ಕ, ನಾನು, ಪಕ್ಕದ ಮನೆಯವರು ಬೇಸಿಗೆ ಪೂರ್ತಿ ಊರುಗಳನ್ನ ಕೊಂಡು ಮಾರಿದ್ವಿ. ಡಬ್ಬದ ಮೂಲೆಗಳು ಬಿಟ್ಟುಕೊಂಡ್ವು, ಅಪ್ಪ ಟೇಪು ಹಚ್ಚಿದ್ರು. ಆಟದ ನೋಟು ಕಳೀತಾ ಬಂದಾಗ ಮಂಡಿ ಚೀಟಿಯ ಹಿಂಭಾಗದಲ್ಲಿ ಬಾಲ್ ಪೆನ್ನಿಂದ ಲೆಕ್ಕ ಬರೆದು, ಮುಚ್ಚಳದ ಒಳಗಡೆ ಇಟ್ಟು, ಮೇಲೆ ಪಾರದರ್ಶಕ ಟೇಪು ಎಳೆದಿದ್ರು. ಐನೂರರದ್ದು ಎಷ್ಟು, ನೂರರದ್ದು ಎಷ್ಟು, ದಾಳ ಎರಡು, ಕಾಯಿ ನಾಲ್ಕರಲ್ಲಿ ಒಂದು ಇಲ್ಲ. ಕೆಳಗೆ, ಎಣಿಸಿ ಇಡಿ.

ಹೋದ ವರ್ಷ ಊರಿಂದ ಆ ಡಬ್ಬ ತಂದೆ. ಅಷ್ಟೊತ್ತಿಗೆ ನೂರು ವಿಡಿಯೊ ನೋಡಿದ ಪಂಡಿತ ನಾನು. ಹೇರ್ ಡ್ರೈಯರ್ ಹಿಡಿದು ಮೂಲೆಗಳನ್ನ ಬಿಡಿಸಿದೆ, ಚೆನ್ನಾಗೇ ಬಂತು. ಮುಚ್ಚಳದೊಳಗಿನ ಟೇಪು ಮಾತ್ರ ಬೆಲ್ಲದ ಪಾಕದ ಹಾಗೆ ಗಟ್ಟಿ. ಲೈಟರ್ ಫ್ಲೂಯಿಡ್‌ಗೆ ಜಗ್ಗಲಿಲ್ಲ. ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ತಗೊಂಡೆ. ಅದರಲ್ಲಿದ್ದದ್ದು ಅಸಿಟೋನು. ಒಂದು ನಿಮಿಷದಲ್ಲಿ ಅಪ್ಪನ ಲೆಕ್ಕ ನೀಲಿ ಮೋಡ ಆಯ್ತು. ಗಾಬರಿಯಲ್ಲಿ ಒರೆಸಿದೆ, ಚೀಟಿಯೇ ಟೇಪಿನ ಜೊತೆ ಕಿತ್ತುಬಂತು. ಅಂಗೈಯಗಲದ ಜಾಗ ಶುಭ್ರವಾಯ್ತು. ಆ ಹೊತ್ತಿಗೆ ನನಗೆ ಅನ್ನಿಸಿದ್ದು, ನಾಚಿಕೆ ಇಲ್ಲದೆ ಹೇಳ್ತೀನಿ, ಪರವಾಗಿಲ್ಲ, ಕ್ಲೀನಾಗಿ ಬಂತು ಅಂತ.

ಮೊದಲು-ಆಮೇಲೆ ಫೋಟೊ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ಅಕ್ಕ ಶಿವಮೊಗ್ಗದಿಂದ ಫೋನೇ ಮಾಡಿದಳು. "ಅಪ್ಪ ಬರೆದಿದ್ದು ಎಲ್ಲೋ?" ಅಂದಳು. ವಿವರಿಸೋಕೆ ಹೋದೆ. "ಅಲ್ಲ ಕಣೋ, ಅಂಗಡೀಲಿ ಇಂಥ ಡಬ್ಬ ಬೇಕಾದಷ್ಟು ಸಿಗುತ್ತೆ. ಅದಿದ್ದದ್ದು ನಮ್ಮ ಮನೇಲಿ ಮಾತ್ರ." ಅಷ್ಟು ಹೇಳಿ, ಮಗನಿಗೆ ಊಟ ಹಾಕಬೇಕು ಅಂತ ಇಟ್ಟುಬಿಟ್ಟಳು.

ನಮ್ಮ ಕಡೆ ಮದುವೆಯಲ್ಲಿ ಕೊಟ್ಟ ಪಾತ್ರೆಗೆ ಅಂಗಡಿಯಲ್ಲೇ ಹೆಸರು ಕೆತ್ತಿಸ್ತಾರೆ. ಯಾರು ಕೊಟ್ಟಿದ್ದು, ಯಾರಿಗೆ, ಯಾವ ತಾರೀಕು. ಮೂವತ್ತು ವರ್ಷ ಉಜ್ಜಿದರೂ ಆ ಚುಕ್ಕಿ ಅಕ್ಷರ ಮಾಸಲ್ಲ. ಪಾತ್ರೆ ಹೊಳೆಯಲಿ ಅಂತ ಹುಣಸೆಹಣ್ಣು ಹಾಕಿ ಉಜ್ಜೋ ಅದೇ ಅಮ್ಮಂದಿರು ಆ ಹೆಸರನ್ನ ಕೊಳೆ ಅಂತ ಎಣಿಸಿಲ್ಲ. ನಾನು ಬ್ರಾಂದಿಯನ್ನ ಓದಿ ಕಲಿಯೋಕೆ ಹೋದದ್ದು ನಮ್ಮ ಅಡುಗೆಮನೆಯಲ್ಲೇ ಇತ್ತು.

ಹಾಗಾಗಿ ನನ್ನ ತೀರ್ಪು ಇಷ್ಟು. ರಟ್ಟನ್ನ ತಿನ್ನುತ್ತಿರುವ ಟೇಪನ್ನ, ಮೆತ್ತಗಿರುವಾಗಲೇ, ಮೂಲೆಯಲ್ಲಿ ಪರೀಕ್ಷೆ ಮಾಡಿ ತೆಗೀರಿ. ಅಕ್ಷರ ಇರುವ ಕಡೆ ದ್ರಾವಣ ಮುಟ್ಟಿಸಬೇಡಿ. ಹಳದಿಯನ್ನ ಹಳದಿಯಾಗೇ ಬಿಡಿ, ಇನ್ನಷ್ಟು ಆಗದ ಹಾಗೆ ಬಿಸಿಲು ಸೆಕೆಯಿಂದ ದೂರ ಇಡಿ. ಮಾರೋದಾದ್ರೆ ಏನು ಮಾಡಿದ್ರಿ ಅಂತ ಹೇಳಿ ಮಾರಿ. ವಿಡಿಯೊ ಮಾಡೋರಿಗೆ ಒಂದೇ ಬೇಡಿಕೆ: ಮುಂದಿನ ಸಲ ಒಂದು ಕಲೆಯನ್ನ ಉಳಿಸಿ, ಯಾಕೆ ಉಳಿಸಿದ್ರಿ ಅಂತ ಎರಡು ಸಾಲು ಹೇಳಿ. ಆ ವಿಡಿಯೊವನ್ನ ನಾನು ಹಗಲಲ್ಲೂ ನೋಡ್ತೀನಿ.

ಅಪ್ಪನ ಲೆಕ್ಕ ಈಗ ಉಳಿದಿರೋದು ಆ 'ಮೊದಲು' ಫೋಟೊದಲ್ಲಿ ಮಾತ್ರ. ತೋರಿಕೆಗೆ ತೆಗೆದ ಫೋಟೊ. ಝೂಮ್ ಮಾಡಿದ್ರೆ ಐನೂರರ ಸಾಲು ಓದಬಹುದು, ಕೆಳಗಿನದು ಮಸುಕು.

ಯುಗಾದಿಗೆ ಹೋದಾಗ ಡಬ್ಬವನ್ನ ಅಪ್ಪನಿಗೆ ತೋರಿಸಿದೆ. ಬೈತಾರೆ ಅಂದುಕೊಂಡಿದ್ದೆ. ತಿರುಗಿಸಿ ತಿರುಗಿಸಿ ನೋಡಿದ್ರು. "ಟೇಪ್ ಯಾಕಪ್ಪಾ ಕಿತ್ತೆ? ಮೂಲೆ ಬಿಚ್ಕೊಂಡಿದೆ ನೋಡು" ಅಂದ್ರು. ಒಳಗೆ ಹೋಗಿ ಕೊಬ್ಬರಿ ಚೀಲಕ್ಕೆ ಹಚ್ಚೋ ಅಗಲದ ಕಂದು ಟೇಪು ತಂದು, ನಾಲ್ಕೂ ಮೂಲೆಗೆ ಸುತ್ತಿ, ಹಲ್ಲಲ್ಲಿ ಕಚ್ಚಿ ಹರಿದ್ರು.